ಸೀರಿಗೆ ಬಂದ ಕಪ್ಪು ಪೆಟ್ಟಿಗೆ

ಕಂಪ್ಯೂಟರಿಗೆ ಒಂದು ಮುಖ ಅಂತ ಬೇಡವೇ ಎಂದು ಮೊದಲು ಕೇಳಿದವರು ಶೆಡ್ಡಿನ ಯಜಮಾನರು. ಮೂವತ್ತು ವರ್ಷ ಲಾರಿ ಕಟ್ಟಿಸಿದ ಮನುಷ್ಯ. ಅವರ ಕಣ್ಣಿಗೆ ಯಾವುದಕ್ಕಾದರೂ ಹಣೆ, ಕಣ್ಣು, ಹಲ್ಲು ಇರಲೇಬೇಕು. ಪೇಂಟರ್ ಮುನಿರಾಜ ಸೇಲಂನ ಅಂಗಡಿಯಿಂದ ತಂದು ಬೆಂಚಿನ ಮೇಲೆ ಇಟ್ಟ ಪೆಟ್ಟಿಗೆಯ ಸುತ್ತ ಅವರು ಎರಡು ಸುತ್ತು ಬಂದು, ಇದಕ್ಕೆ ಕುಂಕುಮ ಇಡುವುದು ಎಲ್ಲಿ ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ. ಮುಂದಿನ ತಗಡಿನ ತುಂಬ ಸಣ್ಣ ಸಣ್ಣ ತೂತು, ನೆತ್ತಿಯ ಮೇಲೂ ತೂತು, ಒಂದು ಪಕ್ಕಕ್ಕೆ ಕಪ್ಪು ಗಾಜು. ಒಂದು ಹೂವಿಲ್ಲ, ಒಂದು ಗೆರೆಯಷ್ಟು ಬಣ್ಣವಿಲ್ಲ.

ಆಮೇಲೆ ಆಳಿಗೊಂದು ಮಾತು. ವೆಲ್ಡಿಂಗಿನವನು ಜರಡಿ ಎಂದ. ಟೀ ತಂದ ಹೆಂಗಸು, ಇದು ಟಿವಿಯೂ ಅಲ್ಲ ಬೀರುವೂ ಅಲ್ಲ, ಮದುವೆ ಮನೆಯಲ್ಲಿ ಯಾರಿಗೆ ಏನಂತ ತೋರಿಸುತ್ತೀಯ ಎಂದಳು. ಕಂಪ್ಯೂಟರನ್ನು ಜನ್ಮದಲ್ಲಿ ಮುಟ್ಟದವರೆಲ್ಲ ಅದರ ಚೆಂದದ ವಿಷಯದಲ್ಲಿ ಪಂಡಿತರಾಗಿಬಿಟ್ಟರು. ಸ್ಟಿಕ್ಕರ್ ಕತ್ತರಿಸುವ ಸೆಲ್ವಕುಮಾರ್ ಒಬ್ಬನೇ ಮೆಚ್ಚಿದ್ದು. ಈಗಿನವರಿಗೆ ಇದೇ ಸ್ಟೈಲು, ಕಪ್ಪಲ್ಲೇ ಇರುವುದು ಗತ್ತು, ಹಾಗೇ ಕೊಂಡುಹೋಗಿ ಕೊಡಿ ಎಂದು ತಮಿಳಿನಲ್ಲಿ ಹೇಳಿದ. "ತೊಡಾದೀಂಗಣ್ಣೇ" ಎಂದೂ ಸೇರಿಸಿದ, ಮುಟ್ಟಬೇಡಿ ಅಣ್ಣ ಅಂತ. ಹತ್ತು ಜನ ಮೂಗು ಮುರಿದ ಕಡೆ ಒಬ್ಬ ಹೊಗಳಿದರೆ ಯಾರು ಕೇಳುತ್ತಾರೆ?

ಉಳಿದವರಿಗೆ ಇದು ಟೀ ಹೊತ್ತಿನ ಹರಟೆ. ಮುನಿರಾಜನಿಗೆ ಮಾತ್ರ ಹಾಗಲ್ಲ. ಆ ಪೆಟ್ಟಿಗೆ ಅವನು ತಂಗಿ ರೋಜಾಳ ಮಗಳ ಮದುವೆಗೆ ಒಯ್ಯಬೇಕಾದ ಸೀರು. ಅವರ ಕಡೆ ಸೋದರಮಾವ ಬರಿಗೈಯಲ್ಲಿ ಬರುವ ಹಾಗಿಲ್ಲ. ಮದುವೆಯ ಬೆಳಿಗ್ಗೆ ಓಲಗದ ಜೊತೆ, ಊರೆಲ್ಲ ನೋಡುವ ಹಾಗೆ, ತಟ್ಟೆ ತಟ್ಟೆಯಾಗಿ ಉಡುಗೊರೆ ಹೊತ್ತು ತರಬೇಕು. ಹೆಣ್ಣಿನ ತವರಿಗೆ ಎಷ್ಟು ಮಾನವಿದೆ ಎಂದು ಜನ ಅಳೆಯುವುದು ಅದರಲ್ಲೇ. ಆ ಮಾನವನ್ನು ಮುನಿರಾಜ ಹನ್ನೊಂದು ವರ್ಷದ ಹಿಂದೆ ರೋಜಾಳ ಊರು ಮಾರಂಡಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕೈಯಾರೆ ಕಳೆದುಬಂದಿದ್ದ.

ಆಗ ರೋಜಾಳ ಈ ಮಗಳು ಮೇನಕಾ ಮೈನೆರೆದು ದೊಡ್ಡವಳಾಗಿದ್ದಳು. ಮಾವನಾದವನು ಹುಡುಗಿ ಕೂರಲು ಹಸಿರು ತೆಂಗಿನ ಗರಿಯ ಗುಡ್ಲು ಕಟ್ಟಿ, ಸೀರು ಇಡಬೇಕು. ಮುನಿರಾಜ ಆರು ಸ್ಟೀಲ್ ತಟ್ಟೆ, ಒಂದು ಲಂಗ ಹಿಡಿದು ಬಸ್ಸಿಳಿದ. ಅದೇ ಹೊತ್ತಿಗೆ ಇನ್ಯಾರದೋ ಮನೆಯ ಸೀರು ಎದುರಿಗೆ ಬಂತು. ಮುಗಿಯದ ಸಾಲು, ಜರತಾರಿ ಹೊದಿಕೆ, ಮುಂದೆ ಕುದುರೆ. ಅವನು ತನ್ನ ಕೈಚೀಲ ನೋಡಿಕೊಂಡ. ಇದನ್ನು ಹಿಡಿದು ಹೋದರೆ ತಂಗಿಗೆ ಅವಮಾನ ಎಂದುಕೊಂಡು ವಾಪಸ್ಸು ಬಸ್ಸು ಹತ್ತಿದ. ರೋಜಾ ಆರತಿ ತಟ್ಟೆ ಹಿಡಿದು ಮಧ್ಯಾಹ್ನದವರೆಗೂ ಬಾಗಿಲಲ್ಲಿ ನಿಂತಿದ್ದಳಂತೆ. ಕೊನೆಗೆ ಗುಡ್ಲು ಕಟ್ಟಿದವನು ಯಾರೋ ದೂರದ ನೆಂಟ. ಅವಳ ಅತ್ತೆ ಚೆಲ್ಲಮ್ಮ ನೆಂಟರೆದುರು 'ತವರಿಲ್ಲದ ಸೊಸೆ' ಎಂದಳು. ಆ ಹೆಸರು ಅಂಟಿಕೊಂಡಿತು. ರೋಜಾ ಅಣ್ಣನ ಜೊತೆ ಮಾತು ಬಿಟ್ಟಳು. ಲಾರಿ ಡೆಲಿವರಿ ಇತ್ತು ಎಂದು ಅವನು ಹೇಳಿಕಳಿಸಿದ ಸುಳ್ಳನ್ನು ಯಾರೂ ನಂಬಲಿಲ್ಲ. ನಿಜ ಅವನ ಹೆಂಡತಿ ಮಾಲತಿಗೂ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಮೇನಕಾಳೇ ಫೋನ್ ಮಾಡಿದ್ದಳು, ಅಮ್ಮನಿಗೆ ತಿಳಿಯದ ಹಾಗೆ. ಧರ್ಮಪುರಿಯಲ್ಲಿ ಒಬ್ಬ ಇಂಜಿನಿಯರ್ ಹತ್ತಿರ ಅವಳಿಗೆ ಕೆಲಸ. ಜನ ಕಟ್ಟಲಿರುವ ಮನೆ ನಾಳೆ ಹೇಗೆ ಕಾಣುತ್ತದೆ ಎಂದು ಇವತ್ತೇ ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುತ್ತಾಳೆ. ಹರೂರಿನ ಕಡೆಯ ಗಂಡು ಗೊತ್ತಾಗಿತ್ತು. ಸೊಸೆ ದಿನಾ ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದು ಬೇಡ, ಮನೆಯಲ್ಲೇ ಕೂತು ಮಾಡುವುದಾದರೆ ಮಾಡಲಿ ಎಂದು ಆ ಮನೆಯವರು ಹೇಳಿದ್ದರು. ಅದಕ್ಕೆ ಭಾರಿ ಕಂಪ್ಯೂಟರೇ ಬೇಕು.

"ಬೀರು ಬ್ಯಾಡ, ಮಂಚ ಬ್ಯಾಡ ಮಾಮಾ. ಇದೊಂದು ತಗಂಡು ಬಾ. ಇದಿಲ್ದಿದ್ರೆ ಅಲ್ಲಿ ಓಗಿ ನಾನು ಒಲೆ ಮುಂದೇನೇ. ನೀನು ಸೀರು ತಗಂಡು ಬಾಗಿಲಿಗೆ ಬಂದ್ರೆ ಅಮ್ಮ ಬ್ಯಾಡ ಅನ್ನಾಕಿಲ್ಲ."

ಆ ಕೊನೆಯ ಮಾತಿಗೆ ಮುನಿರಾಜ ಕರಗಿಹೋದ. ಅವಳು ಬರೆಸಿದ ಪಟ್ಟಿಯನ್ನು ಹಿಡಿದು, ಮೂರು ವರ್ಷ ಕಟ್ಟಿದ ಚೀಟಿ ಎತ್ತಿ, ಅದರಲ್ಲಿ ಇದ್ದದ್ದನ್ನೆಲ್ಲ ಒಂದೂ ಬಿಡದೆ ಹಾಕಿಸಿ ತಂದ. ಪೆಟ್ಟಿಗೆ ಮಾತ್ರ ಇಷ್ಟು ಕುರೂಪಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಸಂಜೆ ಅದನ್ನು ಮನೆಗೆ ತಂದು ಪ್ಲಗ್ಗು ಹಾಕಿದ. ಗಾಜಿನೊಳಗೆ ಫ್ಯಾನುಗಳ ಸುತ್ತ ನೀಲಿ ಬೆಳಕು ತಿರುಗಿತು. ಅದನ್ನು ನೋಡಿಯಾದರೂ ಮಾಲತಿ ಮೆಚ್ಚಿಯಾಳು ಎಂದು ಅವನ ಆಸೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ತಂದೆ ತೀರಿಕೊಂಡು ಐದು ತಿಂಗಳಾಗಿತ್ತು.

"ನಮ್ಮಪ್ಪನ್ನ ಮಲಗಿಸಿದ್ರಲ್ಲ, ಆ ಐಸ್ ಪೆಟ್ಟಿ ಇದ್ದಂಗೈತೆ. ಕಪ್ಪು, ಗಾಜು, ಒಳಗೆ ಲೈಟು. ಇದನ್ನ ಮದುವೆ ಮನೆಗೆ ಒತ್ಕಂಡು ಓಗ್ತೀರಾ?"

ಅಷ್ಟು ಸಾಕಾಯಿತು. ಆಮೇಲೆ ಎಲ್ಲಿಂದ ನೋಡಿದರೂ ಅವನಿಗೆ ಅದು ಐಸ್ ಪೆಟ್ಟಿಯೇ. ಹೆಣದ ಪೆಟ್ಟಿ ತಂದ ಅಣ್ಣ ಎಂದು ಚೆಲ್ಲಮ್ಮ ಅನ್ನುವುದು, ರೋಜಾ ತಲೆ ತಗ್ಗಿಸುವುದು ಎಲ್ಲ ಈಗಲೇ ಕಿವಿಗೆ ಬಿದ್ದ ಹಾಗೆ, ಕಣ್ಣಿಗೆ ಕಂಡ ಹಾಗೆ ಆಯಿತು. ಮೇನಕಾಳನ್ನೇ ಕೇಳಿಬಿಡೋಣ ಎಂದು ಫೋನ್ ಮಾಡಿದ. ಮದುಮಗಳನ್ನು ಮನೆಯಿಂದ ಹೊರಗೆ ಬಿಡದ ದಿನಗಳು ಅವು, ಫೋನು ಯಾರ ಕೈಯಲ್ಲಿತ್ತೋ. ಆ ಕಡೆಯಿಂದ "ಯಾರು?" ಎಂದಿತು ರೋಜಾಳ ದನಿ. ಹನ್ನೊಂದು ವರ್ಷದ ಮೇಲೆ ಕೇಳಿದ ದನಿ. ಅವಳು ಇನ್ನೊಮ್ಮೆ ಯಾರು ಎನ್ನುವ ಮೊದಲೇ ಮುನಿರಾಜ ಫೋನ್ ಇಟ್ಟು, ಗೋಡೆಗೊರಗಿ ಕೂತ. ಮದುವೆಗೆ ನಾಲ್ಕು ದಿನ ಇತ್ತು.

ಮಾರನೆಯ ಬೆಳಿಗ್ಗೆ ಪೆಟ್ಟಿಗೆಯನ್ನು ಮತ್ತೆ ಶೆಡ್ಡಿಗೆ ತಂದು ಉಪ್ಪುಕಾಗದ ಕೈಗೆತ್ತಿಕೊಂಡ. ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ. ಕಪ್ಪನ್ನು ಉಜ್ಜಿ ಮಂಕು ಮಾಡಿದ. ತಗಡಿನಲ್ಲಿ ತೂತು ಕಂಡರೆ ಲಾರಿ ಪೇಂಟರನ ಕೈ ಸುಮ್ಮನಿರುವುದಿಲ್ಲ. ಮೇಲಾಗಿ ಸೀರಿನಲ್ಲಿ ಜರಡಿ ಇಡುವ ಪದ್ಧತಿ ಎಲ್ಲಾದರೂ ಉಂಟೇ, ಕೊಟ್ಟದ್ದೆಲ್ಲ ಸೋರಿಹೋಗಲಿ ಅಂತಲೇ? ಪುಟ್ಟಿ ಕಲಸಿ, ಮುಂದಿನ ತೂತು, ನೆತ್ತಿಯ ತೂತು, ಒಂದೂ ಉಳಿಯದ ಹಾಗೆ ಮೆತ್ತಿ, ಒಣಗಿಸಿ, ಉಜ್ಜಿ ಕನ್ನಡಿ ಮಾಡಿದ. ಹಿಂಭಾಗವನ್ನು ಯಾರು ನೋಡುತ್ತಾರೆ ಎಂದು ಬಿಟ್ಟ. ಅದರ ಮೇಲೆ ಅರಿಶಿನದ ಬಣ್ಣ, ಅಂಚಿಗೆ ಕುಂಕುಮದ ಕೆಂಪು. ಮುಂದೆ ತಾವರೆಯ ಮೇಲೆ ಕೂತ ಲಕ್ಷ್ಮಿ, ನೆತ್ತಿಯ ಮೇಲೆ ಎದುರುಬದುರು ಎರಡು ಗಿಳಿ. ಗಾಜಿನ ಮೇಲೆ ಕಮಾನಿನ ಹಾಗೆ ಮೇನಕಾ, ರಾಜಕುಮಾರ್ ಎಂದು ಹೆಣ್ಣು ಗಂಡಿನ ಹೆಸರು, ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ಬರೆಯಲು ಬರುವುದು ತಮಿಳೇ.

ಇಷ್ಟು ಮನಸ್ಸಿಟ್ಟು ಅವನು ಯಾವ ಲಾರಿಗೂ ಬರೆದಿರಲಿಲ್ಲ. ಲಕ್ಷ್ಮಿಯ ಕಣ್ಣು ತೆರೆಯುವ ಕೆಲಸ ಎಂದು ಬೆಳಿಗ್ಗೆ ಏನೂ ತಿನ್ನದೆ ಕೂತಿದ್ದ. ಮುಗಿಸಿದಾಗ ಯಜಮಾನರು ಬಂದು, ಈಗ ನೋಡು ಇದಕ್ಕೆ ಒಂದು ಕಳೆ ಬಂತು ಎಂದರು. ಸೆಲ್ವಕುಮಾರ್ ಸ್ಟಿಕ್ಕರ್ ಮಿಷನ್ನಿನಿಂದ ತಲೆಯೆತ್ತಿ ನೋಡಿ, ಮತ್ತೆ ಸ್ಟಿಕ್ಕರ್ ಕತ್ತರಿಸತೊಡಗಿದ. ಅದನ್ನು ಮುನಿರಾಜ ಹೊಟ್ಟೆಕಿಚ್ಚು ಎಂದುಕೊಂಡ.

ಮದುವೆ ಮಾರಂಡಹಳ್ಳಿಯ ಮಂಟಪದಲ್ಲಿ. ಬೆಳಿಗ್ಗೆ ಏಳಕ್ಕೆ ಮಾರಿಗುಡಿಯ ಮುಂದೆ ಸಾಮಾನು ಗಾಡಿಯಿಂದ ಇಳಿಸಿ, ಓಲಗದವರನ್ನು ಮುಂದೆ ಬಿಟ್ಟು, ಮಾಲತಿಯ ಕಡೆಯ ಹೆಂಗಸರ ತಲೆಗೆ ಹಣ್ಣು, ಬಳೆ, ಸೀರೆಯ ತಟ್ಟೆ ಹೊರಿಸಿ, ಪೆಟ್ಟಿಗೆಯನ್ನು ತಾನೇ ತಲೆಯ ಮೇಲೆ ಇಟ್ಟುಕೊಂಡು ನಡೆದ. ಕತ್ತು ನೋಯುತ್ತಿತ್ತು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಟೊಮೇಟೊ ಮಂಡಿಯಿಂದ ಜನ ಹೊರಗೆ ಬಂದು ನೋಡಿದರು. ಅದೇನು, ದೇವರ ಪೆಟ್ಟಿಗೆಯಾ ಎಂದು ಒಬ್ಬ ಕೇಳಿದ. ಕಂಪ್ಯೂಟರು, ಮಾಮನ ಸೀರು ಎಂದು ಓಲಗದವನೇ ಹೆಮ್ಮೆಯಿಂದ ಹೇಳಿದ.

ಮಂಟಪದ ಬಾಗಿಲಲ್ಲಿ ರೋಜಾ ನಿಂತಿದ್ದಳು. ಕೂದಲು ನರೆತಿತ್ತು. ಪಕ್ಕದಲ್ಲಿ ಚೆಲ್ಲಮ್ಮ. ಮುನಿರಾಜ ಪೆಟ್ಟಿಗೆಯನ್ನು ತಲೆಯಿಂದ ಇಳಿಸಿ ಹೊಸಿಲ ಮುಂದೆ ಇಟ್ಟ. ಮುದುಕಿ ಕನ್ನಡಕ ಸರಿಮಾಡಿಕೊಂಡು ಪೆಟ್ಟಿಗೆಯ ಹತ್ತಿರ ಬಂದಳು. ಲಕ್ಷ್ಮಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಗಿಳಿಗಳನ್ನು ಸವರಿದಳು. ಸೀರು ಅಂದರೆ ಹೀಗೆ ಲಕ್ಷಣವಾಗಿರಬೇಕು ಎಂದು ಚೆಲ್ಲಮ್ಮ ನೆಂಟರ ಕಡೆ ತಿರುಗಿ ಹೇಳಿದಳು. ರೋಜಾ ಆರತಿ ಎತ್ತಿದಳು. ಅಣ್ಣನ ಹಣೆಗೆ ಬೊಟ್ಟಿಡುವಾಗ ಅವಳ ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು.

"ಒಳೀಕೆ ಬಾ ಅಣ್ಣಾ," ಅಂದಳು.

ಅವನು ಅತ್ತುಬಿಟ್ಟ. ನಲವತ್ತೆಂಟು ವರ್ಷದ ಗಂಡಸು, ಮಂಟಪದ ಬಾಗಿಲಲ್ಲಿ, ಓಲಗದ ಮುಂದೆ, ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿ ಮಗುವಿನ ಹಾಗೆ ಅತ್ತ.

ಕತೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಗಂಡಿನ ತಮ್ಮ ಬಾಲಾಜಿಗೆ ಕಂಪ್ಯೂಟರ್ ಗೊತ್ತು, ಎಂದರೆ ಪ್ಲಗ್ಗು ಹಾಕಲು ಗೊತ್ತು. ಸೀರನ್ನು ಸಾಲಾಗಿ ಜೋಡಿಸಿದ ಕೂಡಲೇ ಅವನು ವೈರು ಎಳೆದು, ಮಂಟಪದ ಟಿವಿಗೆ ಸೇರಿಸಿ, ಹೆಣ್ಣು ಗಂಡಿನ ವೀಡಿಯೊ ಓಡಿಸಿದ. ಹೆಸರುಗಳ ಹಿಂದಿನಿಂದ ನೀಲಿ ಬೆಳಕು ಹೊಮ್ಮಿತು. ಜನ ನೆರೆದು ಫೋಟೊ ತೆಗೆದುಕೊಂಡರು. ಸೀರಿನಲ್ಲಿ ಉರಿಯುವ ದೀಪವೇ ಬಂದಿದೆ ಎಂದು ಚೆಲ್ಲಮ್ಮ ಅದನ್ನು ಉರಿಯುತ್ತಿದ್ದ ಹಿತ್ತಾಳೆಯ ಕುತ್ತುದೀಪದ ಪಕ್ಕಕ್ಕೆ ಸರಿಸಿ, ಹೂವಿಟ್ಟು, ತಾಳಿ ಏರುವ ತನಕ ಇದನ್ನು ಯಾರೂ ಆರಿಸಬೇಡಿ ಎಂದಳು.

ಅರ್ಧ ಗಂಟೆ ಕಳೆದಿರಬೇಕು. ಪೆಟ್ಟಿಗೆಯೊಳಗೆ ಫ್ಯಾನಿನ ಸದ್ದು ಏರಿತು. ಭಾರ ತುಂಬಿದ ಲಾರಿ ತೊಪ್ಪೂರು ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತುವ ಸದ್ದು. ಓಲಗದ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಬಿಸಿಯಾದ ಪೇಂಟಿನ ವಾಸನೆ ಮುನಿರಾಜನ ಮೂಗಿಗೆ ಬಂತು. ಹೊಸ ಬಣ್ಣ, ಹಾಗೇ ಬರುತ್ತದೆ ಎಂದುಕೊಂಡ. ಅಷ್ಟರಲ್ಲಿ ಮದುಮಗಳ ಹಣೆಗೆ ಪಟ್ಟ ಕಟ್ಟಲು ಸೋದರಮಾವನನ್ನು ಕರೆದರು.

ಮೇನಕಾ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಣ್ಣು ಮಾತ್ರ ಪೆಟ್ಟಿಗೆಯ ಮೇಲೆ. ಅವನು ಬಗ್ಗಿ ಪಟ್ಟದ ದಾರ ಬಿಗಿಯುವಾಗ ತುಟಿ ಅಲುಗದ ಹಾಗೆ ಕೇಳಿದಳು.

"ಮುಂದ್ಗಡೆ ತೂತೆಲ್ಲ ಎಲ್ಲೋಯ್ತು ಮಾಮಾ?"

"ಮುಚ್ದೆ ಕಣಮ್ಮಾ. ಚೆಂದಾಗಿ ಕಾಣ್ಲಿ ಅಂತ."

ಅವಳು ಕಣ್ಣು ಮುಚ್ಚಿ ತೆರೆದಳು. "ಮಾಮಾ, ಅದು ರೇಡಿಯೇಟರ್ ಜಾಲಿ. ಒಳಗೆಲ್ಲ ಬೆಂದೋಗ್ತೈತೆ. ಆಫ್ ಮಾಡ್ಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಮುನಿರಾಜನ ಕೈ ದಾರದ ಮೇಲೇ ನಿಂತುಬಿಟ್ಟಿತು. ಲಾರಿಯ ಮುಂದಿನ ಜಾಲಿಗೆ ಯಾವ ಹುಚ್ಚನಾದರೂ ಪುಟ್ಟಿ ಮೆತ್ತುತ್ತಾನೆಯೇ? ಮೂವತ್ತು ವರ್ಷದಲ್ಲಿ ಸಾವಿರ ಜಾಲಿಗೆ ಬಣ್ಣ ಬಳಿದಿದ್ದಾನೆ, ಒಂದು ಕಣ್ಣೂ ಕಟ್ಟದ ಹಾಗೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ಇವನಿಗೆಂದೇ ಮಾಡಿಸಿದ ಹಾಗಿತ್ತು. ಪಟ್ಟ ಕಟ್ಟಿ ಮುಗಿಸಿ ಇಳಿದು ಬಂದ. ಬಾಲಾಜಿಯ ಭುಜ ಮುಟ್ಟಿ, ಸ್ವಲ್ಪ ಆಫ್ ಮಾಡಪ್ಪಾ, ಬಿಸಿ ಏರಿದೆ ಎಂದ. ಇದೆಲ್ಲ ಬಿಸಿ ಆಗೋದೇ ಮಾಮಾ, ತಾಳಿ ಏರಲಿ ಎಂದು ಅವನು ನಕ್ಕು ಫೋಟೊ ತೆಗೆಯಲು ಹೋದ.

ಮುನಿರಾಜ ನೆತ್ತಿಯ ಮೇಲೆ ಕೈಯಿಟ್ಟ. ಇಡಲಾಗದಷ್ಟು ಸುಡುತ್ತಿತ್ತು. ಒಂದು ಗಿಳಿಯ ಹಸಿರು ಅಂಗೈಗೆ ಅಂಟಿ ಬಂತು. ಪುರೋಹಿತರು ತಾಳಿಯ ತಟ್ಟೆಯನ್ನು ಹಿರಿಯರ ಕೈಯಲ್ಲಿ ಮುಟ್ಟಿಸಲು ಕಳಿಸಿದ್ದರು. ಇನ್ನೂರು ಜನ ಮುಟ್ಟಿ ಬರಬೇಕು. ರೋಜಾ ಅಕ್ಷತೆ ಹಂಚುತ್ತಾ ಬಂದು ಅವನ ಕೈಗೂ ಹಾಕಿದಳು, ಹಾಕಿ ನಕ್ಕಳು, ಚಿಕ್ಕಂದಿನಲ್ಲಿ ನಗುತ್ತಿದ್ದ ಹಾಗೆ. ಆ ನಗುವಿಗೆ ಅವನು ಹನ್ನೊಂದು ವರ್ಷ ಕಾದಿದ್ದ. ಸುಮ್ಮನಿದ್ದರೆ ಅದು ಅವನಿಗೇ ಉಳಿಯುತ್ತದೆ. ಸುಮ್ಮನಿದ್ದರೆ ಮೇನಕಾಳ ಕೈಯ ಕೆಲಸ ಇಲ್ಲೇ ಬೆಂದು ಬೂದಿಯಾಗುತ್ತದೆ. ತಾಳಿಯ ತಟ್ಟೆ ಇನ್ನೂ ಎರಡನೇ ಸಾಲಿನಲ್ಲಿತ್ತು. ಮುನಿರಾಜ ಬಗ್ಗಿ ಪ್ಲಗ್ಗು ಕಿತ್ತ.

ನೀಲಿ ಬೆಳಕು ಹೋಯಿತು. ಟಿವಿ ಕಪ್ಪಾಯಿತು. ಓಲಗದವರು ಕಣ್ಣರಳಿಸಿ ನೋಡುತ್ತಾ ಊದುವುದನ್ನೇ ನಿಲ್ಲಿಸಿದರು. ದೀಪ ಆರಿಸಿದ, ಮಾಮನೇ ಆರಿಸಿದ ಎಂದು ಹಿಂದಿನ ಸಾಲಿನವರೆಗೂ ಹೋಯಿತು ಮಾತು. ರೋಜಾ ಅಕ್ಷತೆ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದಳು.

"ಕಾಲು ತಾಕ್ತಾ ಅಣ್ಣಾ?"

ದಾರಿ ತೋರಿಸುತ್ತಿದ್ದಳು ಪಾಪ. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಬಾಲಾಜಿ ಆಗಲೇ ಮತ್ತೆ ಹಾಕಲು ವೈರು ಹಿಡಿದಿದ್ದ.

"ಇಲ್ಲಮ್ಮಾ. ನಾನೇ ಕಿತ್ತೆ. ಆಕಬ್ಯಾಡಿ."

ಚೆಲ್ಲಮ್ಮ ಕೋಲೂರಿಕೊಂಡು ಮುಂದೆ ಬಂದಳು. ಮುದುಕಿಗೆ ಕಣ್ಣು ಮಂಜಾಗಿದ್ದರೂ ನೋಡಬೇಕಾದ್ದನ್ನೆಲ್ಲ ನೋಡಿಬಿಡುತ್ತಿದ್ದಳು. ಮದುಮಗಳು ಅವನ ಕಿವಿಯಲ್ಲಿ ಏನೋ ಅಂದದ್ದನ್ನು ನಾನು ಕಂಡೆ, ಅವಳೇ ಆರಿಸು ಅಂದಳೇ ಎಂದು ಗಟ್ಟಿಯಾಗಿ ಕೇಳಿದಳು. ಗಂಡಿನ ಕಡೆಯವರು ಕತ್ತು ತಿರುಗಿಸಿ ನೋಡಿದರು. ಮಣೆಯ ಮೇಲೆ ಮೇನಕಾ ಬಾಯಿ ತೆರೆದಳು. ಮುನಿರಾಜ ಒಂದು ಹೆಜ್ಜೆ ಮುಂದೆ ಬಂದ. ತನ್ನ ಮುಹೂರ್ತದ ದೀಪವನ್ನು ತಾನೇ ಆರಿಸಿದವಳು ಎಂಬ ಮಾತು ಹುಟ್ಟಿದರೆ, ಆ ಮನೆಯಲ್ಲಿ ಮುಂದೆ ಹಸು ಸತ್ತರೂ ಮಗುವಿಗೆ ಜ್ವರ ಬಂದರೂ ಇವಳ ತಲೆಗೇ ಕಟ್ಟುತ್ತಾರೆ. ಬಿಸಿಯಾಗಿತ್ತು ಎಂದರೆ, ಬಾಲಾಜಿ ಏನೂ ಆಗುವುದಿಲ್ಲ ಎಂದ ಮೇಲೂ ನಿನಗೆ ಹೇಳಿದವರು ಯಾರು ಎಂದು ಕೇಳುತ್ತಾರೆ. ಎಲ್ಲ ದಾರಿಯೂ ಅವಳ ಹತ್ತಿರಕ್ಕೇ ಬರುತ್ತಿತ್ತು.

"ಅವಳು ಏನೂ ಅನ್ಲಿಲ್ಲ. ಆ ಲೈಟು ನಂಗೆ ಚೆಂದ ಕಾಣ್ಲಿಲ್ಲ, ಕಿತ್ತೆ," ಅಂದ.

ಕುಡಿದಿದ್ದಾನೆ ಎಂದು ಯಾರೋ ಮೆಲ್ಲಗೆ ಅಂದರು. ರೋಜಾಳ ಗಂಡ ಶಕ್ತಿವೇಲ್ ಗಟ್ಟಿಮೇಳ ಎಂದು ಕೂಗಿದ. ಓಲಗ ಎದ್ದಿತು, ತಾಳಿ ಏರಿತು. ಜನ ಅಕ್ಷತೆ ಎಸೆಯುತ್ತಾ ಹೆಣ್ಣು ಗಂಡನ್ನು ಬಿಟ್ಟು ಮುನಿರಾಜನನ್ನೇ ನೋಡುತ್ತಿದ್ದರು. ಅವನ ಕೈಯ ಅಕ್ಷತೆ ಗಿಳಿಯ ಹಸಿರಿಗೆ ಅಂಟಿಕೊಂಡಿತ್ತು, ಎಸೆದರೂ ಬೀಳಲಿಲ್ಲ.

ಊಟದ ಹೊತ್ತಿಗೆ ಅವನು ಪೆಟ್ಟಿಗೆಯನ್ನು ಮಂಟಪದ ಹಿಂದೆ, ಪಾತ್ರೆ ತೊಳೆಯುವ ಜಾಗಕ್ಕೆ ಹೊತ್ತುಕೊಂಡು ಹೋದ. ಅಡುಗೆಯವರ ಹತ್ತಿರ ಒಂದು ಮೊಳೆ ಇ‌ಸಿದುಕೊಂಡು, ಒಂದೊಂದೇ ತೂತು ಬಿಡಿಸತೊಡಗಿದ. ಪುಡಿ ಒಳಗೆ ಬೀಳದ ಹಾಗೆ ಪೆಟ್ಟಿಗೆಯನ್ನು ಬಗ್ಗಿಸಿ ಹಿಡಿದು, ಊದಿ ಊದಿ. ತಾವರೆ ಹೋಯಿತು, ಲಕ್ಷ್ಮಿಯ ಮುಖ ಹೋಯಿತು. ಅವನ ಬಾಯಿಂದ ನಡೆದದ್ದನ್ನು ಕೇಳಿದ ಮಾಲತಿ ಪಕ್ಕದಲ್ಲಿ ಕೂತು ಅಳುತ್ತಾ, ರೋಜಾ ಒಬ್ಬಳಿಗಾದರೂ ನಿಜ ಹೇಳಿ ಎಂದಳು. ಅವಳಿಗೆ ಹೇಳಿದರೆ ಅವಳು ಸುಮ್ಮನಿರುತ್ತಾಳಾ, ಅಣ್ಣನ ಪರವಾಗಿ ಅತ್ತೆಯ ಮುಂದೆ ಬಾಯಿ ಬಿಟ್ಟೇ ಬಿಡುತ್ತಾಳೆ ಎಂದ ಮುನಿರಾಜ.

ಹೆಣ್ಣು ಕಳಿಸುವ ಹೊತ್ತಿಗೆ ಆ ಪೆಟ್ಟಿಗೆ ಬೇಡ ಎಂದು ಚೆಲ್ಲಮ್ಮ ಹಟ ಹಿಡಿದಳು. ಅದು ಬರದೆ ನಾನು ವ್ಯಾನು ಹತ್ತುವುದಿಲ್ಲ ಎಂದು ಮೇನಕಾ ನಿಂತುಬಿಟ್ಟಳು. ರಾಜಕುಮಾರ್ ಯಾರನ್ನೂ ಕೇಳದೆ ಬಂದು ಅದನ್ನು ಎತ್ತಿ ತನ್ನ ಸೀಟಿನ ಪಕ್ಕದಲ್ಲಿ ಇಟ್ಟುಕೊಂಡ. ಒಳಗೆ ಎಲ್ಲ ಸರಿಯಿದೆಯೋ ಸುಟ್ಟಿದೆಯೋ ಅಲ್ಲಿ ಹೋಗಿ ಹಾಕಿದ ಮೇಲೇ ತಿಳಿಯಬೇಕು.

ರೋಜಾ ಮಗಳನ್ನು ಕೂರಿಸಿ, ಕಣ್ಣೊರಸಿಕೊಂಡು, ಮುನಿರಾಜ ನಿಂತಿದ್ದ ಕಡೆಗೆ ಬಂದಳು. ಅವಳಲ್ಲಿ ಸಿಟ್ಟು ಕಾಣಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾದದ್ದು.

"ಇನ್ಮ್ಯಾಕೆ ನನ್ನ ಮನೆ ಒಳ್ಳೇದಕ್ಕೆ ಬರ್ಬ್ಯಾಡ ಅಣ್ಣಾ. ಯಾರಾದ್ರೂ ಸತ್ರೆ ಏಳಿಕಳಿಸ್ತೀನಿ. ಆಗ ಬಾ."

"ಆಗ್ಲಮ್ಮಾ," ಅಂದ ಮುನಿರಾಜ.

ಮೇನಕಾ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಮ್ಮಾ ಎಂದು ಕೂಗಿ ಏನೋ ಹೇಳಹೊರಟಳು. ಅವನು ರೋಜಾಳ ಬೆನ್ನ ಹಿಂದಿನಿಂದ ಕೈಯೆತ್ತಿ, ಬೇಡ, ಹೋಗು ಎಂದು ಸನ್ನೆ ಮಾಡಿದ. ವ್ಯಾನು ಹೊರಟಿತು.